ಕಂಪ್ಯೂಟ್ ನೋಡ್ ರೀಬೂಟ್ ಆದಾಗಲೆಲ್ಲ ನಾನು ಎನೇಬಲ್ ಮಾಡಿದ ಸರ್ವಿಸ್ ಮಾಯವಾಗುತ್ತದೆ. ಯಾರು ತೆಗೆಯುತ್ತಿದ್ದಾರೆ?

ಚಿತ್ರದುರ್ಗದ ಕಾಲೇಜ್ ಲ್ಯಾಬ್‌ನ ಲಿನಕ್ಸ್ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ಬಗ್ಗೆ ಕೇಳಿದ್ದೀರಿ. ಅದರಲ್ಲಿ ಲೆಕ್ಕ ಮಾಡುವ ಯಂತ್ರಗಳು ಕಂಪ್ಯೂಟ್ ನೋಡ್, ಅವನ್ನು ನಡೆಸುವ ಯಂತ್ರ ಹೆಡ್ ನೋಡ್. ಮಾನಿಟರಿಂಗ್ ಸರ್ವಿಸ್ ಹಾಕಿ ಎನೇಬಲ್ ಮಾಡಿದರೆ ಓಡುತ್ತದೆ. ಕರೆಂಟ್ ಹೋಗಿ ಬಂದರೆ ಅದರ ಫೈಲೇ ಇರುವುದಿಲ್ಲ. ಹೆಡ್ ನೋಡ್‌ನಲ್ಲಿ ಮಾತ್ರ ಸರಿಯಾಗಿದೆ. ವೈರಸ್ ಇರಬಹುದಾ ಅಂತ ನಿಮ್ಮ ಅನುಮಾನ.

ನಾನು ದಾವಣಗೆರೆಯಲ್ಲಿ ಇಂಥದ್ದೇ ಕ್ಲಸ್ಟರ್ ನೋಡಿಕೊಳ್ಳುತ್ತೇನೆ. ವೈರಸ್ ವಿಚಾರ ಸದ್ಯಕ್ಕೆ ಬಿಡಿ. ಹೆಡ್ ನೋಡ್‌ನಲ್ಲಿ ಉಳಿದದ್ದು ಕಂಪ್ಯೂಟ್ ನೋಡ್‌ನಲ್ಲಿ ಉಳಿಯುವುದಿಲ್ಲ ಅಂದರೆ, ಬಹುಶಃ ಅದನ್ನು ಯಾರೂ ಅಳಿಸುತ್ತಿಲ್ಲ. ಅದು ಡಿಸ್ಕ್‌ಗೆ ಹೋಗೇ ಇಲ್ಲ.

ಎನೇಬಲ್ ಮಾಡುವುದು ಅಂದರೆ ಸಾಮಾನ್ಯವಾಗಿ ಇಷ್ಟೇ: ಬೂಟ್ ಆದಾಗ ಸರ್ವಿಸ್ ತಾನೇ ಶುರುವಾಗಲಿ ಅಂತ, ಇಟಿಸಿ ಫೋಲ್ಡರ್ ಒಳಗಿನ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ನಡೆಸುವ ಪ್ರೋಗ್ರಾಂ) ಜಾಗದಲ್ಲಿ ಒಂದು ಸಿಮ್‌ಲಿಂಕ್ (ಸರ್ವಿಸ್ ಫೈಲಿಗೆ ದಾರಿ ತೋರುವ ಕೊಂಡಿ) ಬೀಳುತ್ತದೆ. ಎಷ್ಟೋ ಕ್ಲಸ್ಟರ್‌ಗಳಲ್ಲಿ ಕಂಪ್ಯೂಟ್ ನೋಡ್‌ಗಳು ಹೆಡ್ ನೋಡ್‌ನಿಂದ ನೆಟ್‌ವರ್ಕ್ ಮೂಲಕ ಒಂದು ಇಮೇಜ್ (ಇಡೀ ಸಿಸ್ಟಮ್‌ನ ಪ್ರತಿ) ತಂದು ರ್‍ಯಾಮ್‌ನಲ್ಲೇ ಬೂಟ್ ಆಗುತ್ತವೆ. ನೀವು ಹಾಕಿದ ಫೈಲು, ಸಿಮ್‌ಲಿಂಕು ಎರಡೂ ರ್‍ಯಾಮ್‌ನಲ್ಲಿ ಇರುತ್ತವೆ, ಕರೆಂಟ್ ಜೊತೆಗೇ ಹೋಗುತ್ತವೆ. ನೋಡ್‌ನಲ್ಲಿ 'ಫೈಂಡ್‌ಮೌಂಟ್ /' ಕೊಟ್ಟು ರೂಟ್ (ಸಿಸ್ಟಮ್‌ನ ಮೂಲ ಫೋಲ್ಡರ್) ಎಲ್ಲಿದೆ ಅಂತ ನೋಡಿ. ಟಿಎಂಪಿಎಫ್‌ಎಸ್, ರೂಟ್‌ಎಫ್‌ಎಸ್ ಅಥವಾ ಓವರ್‌ಲೇ ಅಂತ ಬಂದರೆ ಹೆಚ್ಚುಕಡಿಮೆ ಕಾರಣ ಸಿಕ್ಕ ಹಾಗೆ.

ಹಾಗಿದ್ದರೆ ಹೆಡ್ ನೋಡ್‌ನಲ್ಲಿರುವ ಇಮೇಜ್ ಒಳಗೆ ಸಿಎಚ್‌ರೂಟ್ ಮಾಡಿ (ಅದನ್ನೇ ರೂಟ್ ಅಂತ ಬಳಸಿ ಒಳಹೊಕ್ಕು), ಸರ್ವಿಸ್ ಫೈಲನ್ನು ಅಲ್ಲಿ ಹಾಕಿ, ಅಲ್ಲೇ ಎನೇಬಲ್ ಮಾಡಿ. ಸರ್ವಿಸ್ ಓಡುತ್ತಿರಬೇಕಾಗಿಲ್ಲ, ಸಿಮ್‌ಲಿಂಕ್ ಬಿದ್ದರೆ ಸಾಕು. ಆಮೇಲೆ ಇಮೇಜನ್ನು ಮತ್ತೆ ಬಿಲ್ಡ್ ಮಾಡಬೇಕು. ಎಕ್ಸ್‌ಕ್ಯಾಟ್ ಎಂಬ ಕ್ಲಸ್ಟರ್ ನೋಡಿಕೊಳ್ಳುವ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಪ್ಯಾಕ್‌ಇಮೇಜ್ ಕಮಾಂಡ್ ಇದೆ. ಈ ಹೆಜ್ಜೆ ಬಿಟ್ಟರೆ ನೋಡ್‌ಗಳಿಗೆ ಹಳೇ ಇಮೇಜೇ ಹೋಗುತ್ತದೆ. ಒಂದೇ ನೋಡನ್ನು ರೀಬೂಟ್ ಮಾಡಿ ಪರೀಕ್ಷಿಸಿ. ಅದರಲ್ಲಿ ಯಾರದಾದರೂ ಜಾಬ್ ಓಡುತ್ತಿದ್ದರೆ ಮೊದಲು ಡ್ರೇನ್ ಮಾಡಿ (ಹೊಸ ಜಾಬ್ ಬಾರದಂತೆ ತಡೆದು, ಇರುವುದು ಮುಗಿಯಲು ಬಿಡಿ). ವಿದ್ಯಾರ್ಥಿಗಳ ರಾತ್ರಿಯಿಡೀ ಓಡಿದ ಲೆಕ್ಕ ಸುಮ್ನೆ ಹಾಳಾಗಬಾರದು ಅಲ್ವಾ.

ರೂಟ್ ನಿಜವಾಗಿಯೂ ಡಿಸ್ಕ್ ಮೇಲಿದ್ದರೆ (ಫೈಂಡ್‌ಮೌಂಟ್ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಅಂತ ತೋರಿಸಿದರೆ) ಬೇರೆ ಕಡೆ ಹುಡುಕಬೇಕು. 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್' ಕೊಟ್ಟಾಗ 'ಎನೇಬಲ್ಡ್-ರನ್‌ಟೈಮ್' ಅಂತ ಬಂದರೆ ಅದು ರನ್ ಫೋಲ್ಡರ್‌ನಲ್ಲಿದೆ, ಆ ಬೂಟ್‌ಗೆ ಮಾತ್ರ. ಪಪೆಟ್ (ಯಂತ್ರಗಳ ಸೆಟ್ಟಿಂಗ್ ಕಾಯುವ ಸಾಫ್ಟ್‌ವೇರ್) ಇದ್ದರೆ ಅದು ಡೀಫಾಲ್ಟ್ ಆಗಿ 30 ನಿಮಿಷಕ್ಕೊಮ್ಮೆ ಬಂದು ತನ್ನ ಪಟ್ಟಿಯ ಪ್ರಕಾರ ಸರಿಮಾಡುತ್ತದೆ. ಯಾರು ಮುಟ್ಟಿದರು ಅಂತ ತಿಳಿಯದಿದ್ದರೆ ಆ ಫೋಲ್ಡರ್ ಮೇಲೆ ಆಡಿಟ್‌ಸಿಟಿಎಲ್ ಕಮಾಂಡ್‌ನಿಂದ ಕಾವಲು ಹಾಕಿ. ಮುಟ್ಟಿದ್ದು ಯಾವ ಪ್ರೋಸೆಸ್ ಅಂತ ಎಯುಸರ್ಚ್ ಕಮಾಂಡ್ ಹೇಳುತ್ತದೆ.

ಒಂದು ಕಡೆ ಮಾತ್ರ ದಯವಿಟ್ಟು ಹಟ ಮಾಡಬೇಡಿ. ಪೇಸ್‌ಮೇಕರ್ (ಒಂದು ನೋಡ್ ಬಿದ್ದರೆ ಸರ್ವಿಸನ್ನು ಇನ್ನೊಂದರಲ್ಲಿ ಎಬ್ಬಿಸುವ ಸಾಫ್ಟ್‌ವೇರ್) ನೋಡಿಕೊಳ್ಳುವ ಡೇಟಾಬೇಸ್‌ನಂಥ ಸರ್ವಿಸ್ ಸಿಸ್ಟಮ್‌ಡಿಯಲ್ಲಿ ಡಿಸೇಬಲ್ ಆಗಿಯೇ ಇರಬೇಕು. ಅದನ್ನು ಯಾವ ನೋಡ್‌ನಲ್ಲಿ ಎಬ್ಬಿಸಬೇಕು ಅನ್ನುವುದು ಪೇಸ್‌ಮೇಕರ್ ಕೆಲಸ. ನೀವು ಅದನ್ನು ಎರಡು ನೋಡ್‌ಗಳಲ್ಲೂ ಎನೇಬಲ್ ಮಾಡಿದರೆ, ಕರೆಂಟ್ ಬಂದಾಗ ಎರಡೂ ಒಟ್ಟಿಗೆ ಎದ್ದು ಒಂದೇ ಡೇಟಾ ಮೇಲೆ ಬರೆಯಬಹುದು. ಆ ಡೇಟಾ ಮತ್ತೆ ಸಿಗುತ್ತದೆ ಅನ್ನುವ ಭರವಸೆ ಇಲ್ಲ.

ಫೈಂಡ್‌ಮೌಂಟ್ ಏನು ತೋರಿಸಿತು, ಇಮೇಜ್ ಯಾವುದರಲ್ಲಿ ಮಾಡಿದ್ದು ಅಂತ ಬರೆಯಿರಿ. ಮುಂದಿನದು ನೋಡೋಣ.