ಓದುಗರ ಪ್ರಶ್ನೆ: ಈ ಪ್ರಶಸ್ತಿಪತ್ರ ನೇತಾಜಿಯವರನ್ನು ಕರೆದೊಯ್ದ ಜಲಾಂತರ್ಗಾಮಿಯದೇ?

ಪ್ರಶ್ನೆ: ಹ್ಯಾಂಬರ್ಗ್‌ನಲ್ಲಿರುವ ನನ್ನ ಮಗನಿಗೆ ಹಳೆಯ ಕಾಗದಪತ್ರಗಳ ವ್ಯಾಪಾರಿಯೊಬ್ಬರು ಜರ್ಮನ್ ನೌಕಾಪಡೆಯ ಪತ್ರವೊಂದನ್ನು ತೋರಿಸಿದ್ದಾರೆ. ಜಲಾಂತರ್ಗಾಮಿ ನಾವಿಕರಿಗೆ ಕೊಡುತ್ತಿದ್ದ ಯುದ್ಧ ಬ್ಯಾಡ್ಜಿನ ಪತ್ರ. ದಿನಾಂಕ ಜುಲೈ 1943. ಸುಭಾಷ್‌ಚಂದ್ರ ಬೋಸರು ಪ್ರಯಾಣಿಸಿದ ಜರ್ಮನ್ ಜಲಾಂತರ್ಗಾಮಿ ಯು-180ರ ನಾವಿಕನದು ಎಂದು ಹೇಳಿ ಭಾರಿ ಬೆಲೆ ಕೇಳುತ್ತಿದ್ದಾರೆ. ಆದರೆ ಪತ್ರದಲ್ಲಿ ಯು-180 ಎಂದು ಎಲ್ಲೂ ಇಲ್ಲ. ನಂಬಬಹುದೇ?
– ಓದುಗರು, ಮೈಸೂರು

ಉತ್ತರ: ಸಂಖ್ಯೆ ಇಲ್ಲ ಎಂಬ ಕಾರಣಕ್ಕೇ ನಕಲಿ ಎನ್ನಬೇಡಿ. ಯುದ್ಧಕಾಲದ ಗೋಪ್ಯತೆಯಿಂದಾಗಿ ಇಂಥ ಅನೇಕ ಪತ್ರಗಳಲ್ಲಿ ಹೆಸರು, ದರ್ಜೆ, ಸ್ಥಳ, ದಿನಾಂಕ, ಸಹಿ, ಮೊಹರು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊಹರಿನಲ್ಲೂ ಪಡೆಯ ಹೆಸರಿನ ಬದಲು ಸೇನಾ ಅಂಚೆ ಸಂಖ್ಯೆ ಇರಬಹುದು; ನೌಕಾಪಡೆಯದಾದರೆ ಆ ಸಂಖ್ಯೆಗೆ ಮುಂಚೆ 'ಎಂ' ಅಕ್ಷರವನ್ನು ಕಾಣಬಹುದು. ಪತ್ರ ಅಸಲಿಯೇ ಎಂಬುದು ಒಂದು ಪ್ರಶ್ನೆ, ಆ ನಾವಿಕ ಯು-180ರಲ್ಲಿದ್ದನೇ ಎಂಬುದು ಇನ್ನೊಂದು. ವ್ಯಾಪಾರಿ ಬೆಲೆ ಕೇಳುತ್ತಿರುವುದು ಎರಡನೆಯದಕ್ಕೆ, ಪುರಾವೆ ಬೇಕಾಗಿರುವುದೂ ಅದಕ್ಕೇ.

ಮೊದಲು ದಿನಾಂಕಗಳನ್ನು ಹೊಂದಿಸಿ ನೋಡಿ. ಈ ಬ್ಯಾಡ್ಜ್ ಜಾರಿಗೆ ಬಂದದ್ದು 13 ಅಕ್ಟೋಬರ್ 1939ರಂದು. ಸಾಮಾನ್ಯವಾಗಿ ಎರಡು ಯುದ್ಧಯಾನ ಮುಗಿಸಿದವರಿಗೆ ಅದು ಸಿಗುತ್ತಿತ್ತು. ಯು-180 ಬೋಸರನ್ನೂ ಅವರ ಸಹಾಯಕ ಆಬಿದ್ ಹಸನ್ ಅವರನ್ನೂ ಹತ್ತಿಸಿಕೊಂಡು ಕೀಲ್ ಬಂದರು ಬಿಟ್ಟದ್ದು 9 ಫೆಬ್ರವರಿ 1943. ಮಡಗಾಸ್ಕರ್ ಬಳಿಯ ಸಮುದ್ರದಲ್ಲಿ ಅವರಿಬ್ಬರೂ ಜಪಾನಿನ ಜಲಾಂತರ್ಗಾಮಿ ಐ-29ಕ್ಕೆ ದಾಟಿದ್ದು ಏಪ್ರಿಲ್ ಕೊನೆಯಲ್ಲಿ. ಯು-180 ಫ್ರಾನ್ಸಿನ ಬೋರ್ಡೊ ಬಂದರು ತಲುಪಿದ್ದು ಜುಲೈ ಮೊದಲ ವಾರದಲ್ಲಿ. ಅದಕ್ಕೆ ಅದೇ ಮೊದಲ ಯುದ್ಧಯಾನ. ಆದರೂ ಅದಕ್ಕೆ ಮೊದಲು ಬೇರೆ ಜಲಾಂತರ್ಗಾಮಿಯಲ್ಲಿ ಯಾನ ಮಾಡಿದ್ದ ನಾವಿಕನಿಗೆ ಜುಲೈ 1943ರ ಪತ್ರ ಅಸಾಧ್ಯವೇನಲ್ಲ. ಆದರೆ ಅದೇ ತಿಂಗಳು ಬೇರೆ ಜಲಾಂತರ್ಗಾಮಿಗಳ ನಾವಿಕರಿಗೂ ಇದೇ ಬ್ಯಾಡ್ಜ್ ಸಂದಿದೆ. ಸ್ಥಳ ಬೋರ್ಡೊ ಎಂದಿದ್ದರೂ ಅಲ್ಲಿ ನೆಲೆಸಿದ್ದ 12ನೇ ಫ್ಲೊಟಿಲ್ಲಾ (ಜಲಾಂತರ್ಗಾಮಿಗಳ ದಳ) ವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ. ಯು-177, ಯು-178, ಯು-181 ಮುಂತಾದವೂ ಅದೇ ಫ್ಲೊಟಿಲ್ಲಾದವು.

ಸಹಿ ಯಾರದು? ಆಗ 12ನೇ ಫ್ಲೊಟಿಲ್ಲಾದ ಮುಖ್ಯಸ್ಥ ಕ್ಲೌಸ್ ಶೋಲ್ಟ್ಸ್. ಜರ್ಮನ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡೋನಿಟ್ಸ್ ಹೆಸರಿದ್ದರೆ ದರ್ಜೆ ಗಮನಿಸಿ: 14 ಮಾರ್ಚ್ 1942ರಿಂದ ಅಡ್ಮಿರಲ್, 30 ಜನವರಿ 1943ರಿಂದ ಗ್ರಾಸ್‌ಅಡ್ಮಿರಲ್ (ನೌಕಾಪಡೆಯ ಅತ್ಯುನ್ನತ ದರ್ಜೆ). ಮೊದಲೇ ಅಚ್ಚಾಗಿದ್ದ ಹಳೆಯ ನಮೂನೆಗಳನ್ನು ಬಳಸಿರಲೂಬಹುದು, ಹಾಗಾಗಿ ದರ್ಜೆಯ ವ್ಯತ್ಯಾಸವೊಂದರಿಂದಲೇ ತೀರ್ಪು ಕೊಡಬೇಡಿ.

ಇನ್ನು ನಾವಿಕನ ಹೆಸರು. ಬರ್ಲಿನ್‌ನಲ್ಲಿ ಯುದ್ಧಕಾಲದ ಸೈನಿಕರ ದಾಖಲೆ ಇಟ್ಟಿದ್ದ ಕಚೇರಿ 2019ರಿಂದ ಜರ್ಮನಿಯ ಕೇಂದ್ರೀಯ ಪತ್ರಾಗಾರದ ಭಾಗ. ಅಲ್ಲಿಗೆ ಬರೆಯುವಾಗ ಪೂರ್ಣ ಹೆಸರು, ಜನ್ಮದಿನಾಂಕ, ಹುಟ್ಟಿದ ಊರು ಕೊಡಬೇಕು. ಬರೀ ಹೆಸರು, ಅದರಲ್ಲೂ ಮ್ಯುಲರ್, ಷ್ಮಿಟ್‌ನಂಥ ಹೆಸರು ಕೊಟ್ಟರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಪ್ರಶಸ್ತಿಪತ್ರದಲ್ಲಿ ಜನ್ಮದಿನಾಂಕ ಇಲ್ಲದಿದ್ದರೆ, ಅದೇ ವ್ಯಕ್ತಿಯ ವೇತನಪುಸ್ತಕ ಅಥವಾ ಗುರುತಿನ ಬಿಲ್ಲೆ ಜತೆಗಿದೆಯೇ ಎಂದು ವ್ಯಾಪಾರಿಯನ್ನು ಕೇಳಿ. ಬಿಲ್ಲೆಯ ಮೇಲೆ 'ಓ' ಅಥವಾ 'ಎನ್' ಅಕ್ಷರದೊಂದಿಗೆ ನಾವಿಕನ ಸಂಖ್ಯೆ ಇದ್ದರೆ ಬರೆದುಕೊಳ್ಳಿ: ಬಾಲ್ಟಿಕ್ ವಿಭಾಗಕ್ಕೆ 'ಓ', ಉತ್ತರ ಸಮುದ್ರ ವಿಭಾಗಕ್ಕೆ 'ಎನ್'. ಆತ ತೀರಿಕೊಂಡು ಹತ್ತು ವರ್ಷ ಆಗಿಲ್ಲದಿದ್ದರೆ ವೈಯಕ್ತಿಕ ಕಡತಕ್ಕೆ ಕಾನೂನಿನ ನಿರ್ಬಂಧವಿದೆ. ಮರಣದ ದಿನ ತಿಳಿಯದಿದ್ದರೆ ಹುಟ್ಟಿ ನೂರು ವರ್ಷ ಆಗಿರಬೇಕು.

ಜಲಾಂತರ್ಗಾಮಿಗಳ ಯುದ್ಧದಿನಚರಿಗಳು ಫ್ರೈಬರ್ಗ್‌ನ ಸೇನಾ ಪತ್ರಾಗಾರದಲ್ಲಿ ಆರ್‌ಎಂ 98 ಎಂಬ ಸಂಗ್ರಹದಲ್ಲಿವೆ. ಜರ್ಮನ್ ನೌಕಾ ದಾಖಲೆಗಳ ಮೈಕ್ರೊಫಿಲ್ಮ್ ಪ್ರತಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಟಿ-1022 ಸರಣಿಯಲ್ಲಿ ಸಿಗುತ್ತವೆ. ಎಷ್ಟೋ ಜನ ಎಡವುವುದು ಇಲ್ಲೇ. ದಿನಚರಿಯಲ್ಲಿ ಸ್ಥಾನ, ಹವೆ, ದಾಳಿ, ಇಂಧನದ ವಿವರ ಇರುತ್ತದೆ, ಸಿಬ್ಬಂದಿಯ ಪಟ್ಟಿ ಸಾಮಾನ್ಯವಾಗಿ ಇರುವುದಿಲ್ಲ. ಸಿಬ್ಬಂದಿಯ ಹೆಸರುಗಳಿಗೆ ಕುಕ್ಸ್‌ಹಾಫನ್‌ನ ಜಲಾಂತರ್ಗಾಮಿ ಪತ್ರಾಗಾರವನ್ನು ಕೇಳಿ. ಯು-180 ಆಗಸ್ಟ್ 1944ರಲ್ಲಿ ಬಿಸ್ಕೇ ಕೊಲ್ಲಿಯಲ್ಲಿ 56 ಮಂದಿಯೊಂದಿಗೆ ಕಾಣೆಯಾಯಿತು. ಆ ಯಾನದಲ್ಲಿ ಮಡಿದವರ ಹೆಸರುಗಳು ಕೀಲ್ ಬಳಿಯ ಮೋಲ್ಟೆನೋರ್ಟ್ ಸ್ಮಾರಕದಲ್ಲಿವೆ. ಅಲ್ಲಿ ಹೆಸರು ಕಂಡರೆ 1944ರ ಕೊನೆಯ ಯಾನದಲ್ಲಿದ್ದ ಎಂದಷ್ಟೇ ಖಚಿತ. ಬೋಸರ ಪ್ರಯಾಣದಲ್ಲೂ ಇದ್ದ ಎನ್ನಲು 1943ರ ದಾಖಲೆ ಬೇರೆಯೇ ಬೇಕು. ಅದು ಕೈಗೆ ಬರುವವರೆಗೆ ಸಾಧಾರಣ ಜಲಾಂತರ್ಗಾಮಿ ಪತ್ರದ ಬೆಲೆಗಿಂತ ಒಂದು ಯೂರೊ ಕೂಡ ಹೆಚ್ಚು ಕೊಡಬೇಡಿ.

ಪ್ರಶ್ನೆ: ಕಾಗದ ಹಳೆಯದೇ ಎಂದು ಮನೆಯಲ್ಲೇ ನೋಡಬಹುದೇ? ಲ್ಯಾಮಿನೇಷನ್ ಮಾಡಿಸಿದರೆ ಉಳಿಯುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಕತ್ತಲ ಕೋಣೆಯಲ್ಲಿ 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚ್ ಹಿಡಿಯಿರಿ. ಕಾಗದ ಪ್ರಖರ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ. ಕಾಗದದಲ್ಲಿ ಅದರ ಬಳಕೆ ವ್ಯಾಪಕವಾದದ್ದು ಯುದ್ಧದ ನಂತರ. ಹೊಳೆಯದಿದ್ದರೂ ಅಸಲಿ ಎಂದಲ್ಲ, ಆ ಕಾಲದ ಖಾಲಿ ಹಾಳೆಗಳ ಮೇಲೆ ಇಂದೂ ಟೈಪ್ ಮಾಡಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಅಕ್ಷರಗಳು ಬಣ್ಣದ ಚುಕ್ಕಿಗಳಾಗಿ ಒಡೆದರೆ ಅದು ಪ್ರಿಂಟರಿನ ಕೆಲಸ. ಟೈಪ್‌ರೈಟರಿನ ಪೆಟ್ಟು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತದೆ.

ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ ಕರಗುವ ಅಂಟು ನಾರಿನೊಳಗೆ ಇಳಿದರೆ ಮತ್ತೆ ಬಿಡಿಸಲಾಗದು, ಮುಂದೆ ಮಾಡಬೇಕಾದ ಪರೀಕ್ಷೆಗಳಿಗೂ ದಾರಿ ಮುಚ್ಚುತ್ತದೆ. ಸೆಲೋಟೇಪ್ ಕೂಡ ಹಚ್ಚಬೇಡಿ. ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪಾಲಿಯೆಸ್ಟರ್ ಕವರಿನಲ್ಲಿ ಇಟ್ಟು, ಬಿಸಿಲು ಮತ್ತು ತೇವದಿಂದ ದೂರವಿಡಿ. ಸ್ಟೇಷನರಿ ಅಂಗಡಿಯ ಪಿವಿಸಿ ಫೋಲ್ಡರ್ ಅಕ್ಷರಗಳನ್ನು ತನಗೇ ಅಂಟಿಸಿಕೊಳ್ಳುತ್ತದೆ.