ಮಲೆನಾಡಿನಲ್ಲಿ ಹೊಸ ಕಾರಿನ ಬಣ್ಣಕ್ಕೆ ವ್ಯಾಕ್ಸ್ ಸಾಕೇ, ಪಿಪಿಎಫ್ ಬೇಕೇ?

ತೀರ್ಥಹಳ್ಳಿ ಕಡೆಯ ತೋಟದ ಮನೆಯ ಅಂಗಳದಲ್ಲಿ ನಿಲ್ಲುವ ಹೊಸ ಕಾರಿನ ಬಣ್ಣ ಕಾಪಾಡಲು ವ್ಯಾಕ್ಸ್ ಸಾಕೇ, ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದರೆ ಬಣ್ಣದ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಬೇಕೇ ಎಂದು ನೀವು ಕೇಳಿದ್ದೀರಿ. ಯಾವುದು ಏನನ್ನು ತಡೆಯುತ್ತದೆ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕು. ವ್ಯಾಕ್ಸ್ (ಮೇಣ), ಸೀಲೆಂಟ್ (ಕೃತಕ ಪಾಲಿಮರ್ ಲೇಪನ), ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಗಟ್ಟಿಯಾಗಿ ಕೂರುವ ದ್ರವ ಲೇಪನ) ಮೂರೂ ನೀರು, ಕೆಸರು ಸುಲಭವಾಗಿ ಅಂಟದಂತೆ ಮಾಡುವ ಬಲು ತೆಳುವಾದ ಪದರಗಳು. ಕಲ್ಲೇಟನ್ನು ತಾಳಿಕೊಳ್ಳುವುದು ಪಿಪಿಎಫ್ ಮಾತ್ರ, ಏಕೆಂದರೆ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪವಿರುವ ಆ ಪಾಲಿಯುರಿಥೇನ್ ಹಾಳೆ ಪೆಟ್ಟನ್ನು ತಾನೇ ಹೀರಿಕೊಳ್ಳುತ್ತದೆ.

ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ತಾಳೆಯ ಎಲೆಯಿಂದ ತೆಗೆದ ಮೇಣ) ಒಳ್ಳೆಯ ಹೊಳಪು ಕೊಡುತ್ತದೆಯಾದರೂ ಆಗುಂಬೆ ಸೀಮೆಯ ಮಳೆಗೆ ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತದೆ. ಸಿಂಥೆಟಿಕ್ ಸೀಲೆಂಟ್ ನಾಲ್ಕಾರು ತಿಂಗಳು ಬಾಳುವುದರಿಂದ, ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಮನೆಯಲ್ಲೇ ಹಚ್ಚಿಕೊಳ್ಳಬಹುದು. ಸೆರಾಮಿಕ್ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ, ಆದರೆ ಗೀರೇ ಬೀಳುವುದಿಲ್ಲವೆಂಬ ಅಂಗಡಿಯವರ ಮಾತನ್ನು ನಂಬಬೇಡಿ.

ನನ್ನ ಅಭಿಪ್ರಾಯದಲ್ಲಿ ಇಡೀ ಕಾರಿಗೆ ಪಿಪಿಎಫ್ ಹಾಕಿಸುವುದು ದುಂದುವೆಚ್ಚ. ಮುಂದಿನ ಬಂಪರ್, ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು ಮತ್ತು ಮುಂದಿನ ಚಕ್ರದ ಹಿಂದೆ ಬಾಗಿಲ ಕೆಳಗಿರುವ ಅಂಚು (ಮಣ್ಣುರಸ್ತೆಯ ಜಲ್ಲಿ ಸಿಡಿದು ಬಡಿಯುವುದು ಅಲ್ಲಿಗೇ), ಇಷ್ಟಕ್ಕೆ ಹಾಕಿಸಿ ಉಳಿದ ಭಾಗಕ್ಕೆ ಸೀಲೆಂಟ್ ಬಳಿದರೆ ಸಾಕು.

ಹಕ್ಕಿಯ ಹಿಕ್ಕೆ, ಮರದಿಂದ ತೊಟ್ಟಿಕ್ಕಿದ ಅಂಟು ಯಾವ ಲೇಪನವನ್ನೂ ಬಿಡುವುದಿಲ್ಲ. ಒಣಗಿದ್ದನ್ನು ಉಗುರಿನಿಂದ ಕೆರೆಯದೆ, ಹಿಕ್ಕೆಯ ಮೇಲೆ ಹತ್ತು ನಿಮಿಷ ಒದ್ದೆ ಬಟ್ಟೆ ಹರಡಿ, ಮೆದುವಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಎತ್ತಿ ತೆಗೆಯಿರಿ. ಅಂಟು ನೀರಿಗೆ ಬಗ್ಗದಿದ್ದರೆ ಡಾಂಬರು, ಅಂಟು ಕರಗಿಸಲು ಸಿಗುವ ಟಾರ್ ರಿಮೂವರ್ ದ್ರಾವಣ ಬಳಸಿ, ಆ ಜಾಗಕ್ಕೆ ಮತ್ತೆ ಸೀಲೆಂಟ್ ಹಚ್ಚಿ.