ಸೋಡಿಯಂ ಕಡಿಮೆ ಮಾಡಿದರೆ ಬಿಪಿ ನಿಜವಾಗಿಯೂ ಇಳಿಯುತ್ತದೆಯೇ? ಫ್ರಾಂಕ್ ಸ್ಯಾಕ್ಸ್ ಅವರ ಅಧ್ಯಯನ ಏನು ಹೇಳುತ್ತದೆ?

ಇಳಿಯುತ್ತದೆ. ಹಾರ್ವರ್ಡ್‌ನ ಫ್ರಾಂಕ್ ಸ್ಯಾಕ್ಸ್ ಮತ್ತು ಸಂಗಡಿಗರು 2001ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಡ್ಯಾಶ್-ಸೋಡಿಯಂ ಪ್ರಯೋಗದ ಮೇಲೆ ನನಗೆ ನಂಬಿಕೆ ಹೆಚ್ಚು. ಏಕೆಂದರೆ ಅವರು ‘ಉಪ್ಪು ಕಡಿಮೆ ಮಾಡಿ’ ಎಂದು ಬರೀ ಸಲಹೆ ಕೊಟ್ಟು ಕಳಿಸಲಿಲ್ಲ. 412 ಜನರಿಗೆ ಊಟವನ್ನೇ ತಯಾರಿಸಿ ಕೊಟ್ಟರು.

ಕೆಲವರಿಗೆ ಅಮೆರಿಕದ ಮಾಮೂಲಿ ಊಟ, ಉಳಿದವರಿಗೆ ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥಗಳು ಹೆಚ್ಚಿರುವ ಡ್ಯಾಶ್ ಆಹಾರ. ಪ್ರತಿಯೊಬ್ಬರೂ ಸೋಡಿಯಂನ ಮೂರು ಪ್ರಮಾಣಗಳಲ್ಲಿ ತಲಾ 30 ದಿನ ಉಂಡರು. ಅತಿ ಹೆಚ್ಚಿನಿಂದ ಅತಿ ಕಡಿಮೆಗೆ ಬಂದಾಗ ಮಾಮೂಲಿ ಊಟದವರ ಸಿಸ್ಟೋಲಿಕ್ ಒತ್ತಡ, ಅಂದರೆ ಬಿಪಿಯ ಮೇಲಿನ ಸಂಖ್ಯೆ, ಸರಾಸರಿ 6.7 ಇಳಿಯಿತು. ಡ್ಯಾಶ್ ಆಹಾರದವರಲ್ಲಿ 3 ಮಾತ್ರ. ಅವರ ಒತ್ತಡ ಆಹಾರದಿಂದಲೇ ಸಾಕಷ್ಟು ತಗ್ಗಿತ್ತು. ಎರಡೂ ಬದಲಾವಣೆ ಕೂಡಿದಾಗ, ಮೊದಲೇ ಬಿಪಿ ಹೆಚ್ಚಿದ್ದವರಲ್ಲಿ ವ್ಯತ್ಯಾಸ 11.5. ಇದು ಒಂದು ಮಾತ್ರೆಯಿಂದ ನಿರೀಕ್ಷಿಸುವಷ್ಟು ಇಳಿಕೆ! ಬಿಪಿ ಇಲ್ಲದವರಲ್ಲೂ 7.1 ಕಂಡುಬಂತು.

ಆದರೆ ಈ ಪ್ರಯೋಗ ಅಳೆದದ್ದು ರಕ್ತದೊತ್ತಡವನ್ನು, ಹೃದಯಾಘಾತವನ್ನಲ್ಲ. ಇದನ್ನು ಓದಿ ದಯವಿಟ್ಟು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಇನ್ನೊಂದು ಮಾತು: ಸೋಡಿಯಂ ಬೇರೆ, ಉಪ್ಪು ಬೇರೆ. 5 ಗ್ರಾಂ ಉಪ್ಪಿನಲ್ಲಿ ಸುಮಾರು 2 ಗ್ರಾಂ ಸೋಡಿಯಂ ಇರುತ್ತದೆ.